ಬಿಸಾಡಿದ ಯಂತ್ರಗಳ ಸಂಗೀತ



ಡಿಸ್ಕೋ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ತಿರುಗುವ ಬಣ್ಣದ ದೀಪ, ಮಿನುಗುವ ಅಂಗಿ, ಎದೆ ನಡುಗಿಸುವ ಸದ್ದು. "ಇದೂ ಒಂದು ಸಂಗೀತವೇ? ಬರೀ ಧಬಧಬ!" ಎಂದು ಮನೆಯ ಹಿರಿಯರು ಅನ್ನುವುದನ್ನು ನೀವು ಕೇಳಿರಬಹುದು. ಆ ಮಾತನ್ನು ತಳ್ಳಿಹಾಕುವುದು ಈ ಭಾಷಣದ ಉದ್ದೇಶವಲ್ಲ, ಅದನ್ನು ಪರೀಕ್ಷಿಸಿ ನೋಡುವುದು ಉದ್ದೇಶ. ನಾನು ಓದಿದ್ದು ವಿಜ್ಞಾನ, ವೃತ್ತಿಯಾಗಿ ಹಿಡಿದದ್ದು ಟೆಲಿವಿಷನ್ ಕಾರ್ಯಕ್ರಮ ನಿರ್ಮಾಣ. ಸದ್ದನ್ನು ಮೊದಲು ಬಿಡಿಸಿ ನೋಡಬೇಕು, ತೀರ್ಪು ಆಮೇಲೆ ಎಂಬುದನ್ನು ಎರಡೂ ಕಲಿಸುತ್ತವೆ.

ಮೊದಲು ಆ ಧಬಧಬವನ್ನೇ ನೋಡೋಣ. ನಮ್ಮ ಆದಿತಾಳದಲ್ಲಿ ಪೆಟ್ಟು, ಬೆರಳೆಣಿಕೆ, ಹುಸಿ ಎಂಬ ಭೇದಗಳಿವೆ. ಡಿಸ್ಕೋ ಮತ್ತು ಅದರ ಮಗುವಾದ ಹೌಸ್ ಸಂಗೀತದಲ್ಲಿ ಒಂದು ಆವರ್ತಕ್ಕೆ ನಾಲ್ಕು ಪೆಟ್ಟು, ನಾಲ್ಕಕ್ಕೂ ಒಂದೇ ತೂಕ. ಸಾಮಾನ್ಯವಾಗಿ ನಿಮಿಷಕ್ಕೆ 120ರ ಆಸುಪಾಸು, ಅಂದರೆ ಸೆಕೆಂಡಿಗೆ ಎರಡು ಪೆಟ್ಟು. ಇಲ್ಲಿ ತಾಳ ಬದಲಾಗುವುದಿಲ್ಲ, ಅದರ ಮೇಲೆ ನಾದದ ಬಣ್ಣ ಬದಲಾಗುತ್ತದೆ. ತಂಬೂರಿಯ ಶ್ರುತಿ ಒಂದೇ ಕಡೆ ನಿಂತಿರುವುದರಿಂದಲೇ ಅದರ ಮೇಲೆ ರಾಗ ಅರಳುತ್ತದಲ್ಲವೇ? ಇಲ್ಲಿ ಆ ಕೆಲಸವನ್ನು ತಾಳ ಮಾಡುತ್ತದೆ.

ಈಗ ನನ್ನ ಶಿಫಾರಸುಗಳು. ಐದೇ ಐದು. ಇದೇ ಕ್ರಮದಲ್ಲಿ ಕೇಳಿ.

ಒಂದನೆಯದು, ಡೋನಾ ಸಮರ್ ಹಾಡಿರುವ 'ಐ ಫೀಲ್ ಲವ್', 1977ರದು. ಇದನ್ನು ಜರ್ಮನಿಯ ಮ್ಯೂನಿಕ್‌ನಲ್ಲಿ ರೂಪಿಸಿದವರು ಜಾರ್ಜಿಯೊ ಮೊರೊಡರ್ ಮತ್ತು ಪೀಟ್ ಬೆಲೊಟ್. ವಾದ್ಯವೃಂದವನ್ನು ಬದಿಗಿಟ್ಟು ಮೋಗ್ ಸಿಂಥಸೈಜರಿನಿಂದಲೇ ಹಾಡನ್ನು ಕಟ್ಟಿದರು. ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್ಮಿನ ಪೆಟ್ಟು ಮಾತ್ರ ಮನುಷ್ಯನದು. ಇದನ್ನು ಇಯರ್‌ಫೋನಿನಲ್ಲಿ ಕೇಳಿ: ಮಂದ್ರ ಸ್ವರಗಳು ಒಂದು ಕಿವಿಯಲ್ಲಿ, ಅವುಗಳದೇ ಪ್ರತಿಧ್ವನಿ ತುಸು ತಡವಾಗಿ ಇನ್ನೊಂದು ಕಿವಿಯಲ್ಲಿ. ಎರಡೂ ಸೇರಿದಾಗ ವೇಗ ಇಮ್ಮಡಿಯಾದಂತೆ ಭಾಸವಾಗುತ್ತದೆ.

ಎರಡನೆಯದು ನಮಗೆ ಹತ್ತಿರದ್ದು: 1981ರ 'ಡಿಸ್ಕೋ ದೀವಾನೆ'. ಹಾಡಿದ ನಾಜಿಯಾ ಹಸನ್ ಕರಾಚಿಯ ಹುಡುಗಿ. ಅದರ ಹಿಂದಿನ ವರ್ಷ 'ಕುರ್ಬಾನಿ' ಚಿತ್ರಕ್ಕೆ 'ಆಪ್ ಜೈಸಾ ಕೋಯಿ' ಹಾಡಿ ಮನೆಮಾತಾದಾಗ ಆಕೆಗೆ ಹದಿನೈದರ ಹರೆಯ, ನಿಮ್ಮದೇ ವಯಸ್ಸು. ಎರಡಕ್ಕೂ ಸಂಗೀತ ಕೊಟ್ಟವರು ಬಿಡ್ಡು. ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿಯೇ ಬ್ಯಾಂಡು ಕಟ್ಟಿ, ಲಂಡನ್ನಿಗೆ ಹೋಗಿ ಹೆಸರು ಮಾಡಿದವರು. 1974ರಲ್ಲಿ ಅವರು ನಿರ್ಮಿಸಿದ 'ಕುಂಗ್ ಫೂ ಫೈಟಿಂಗ್' ಬ್ರಿಟನ್ ಮತ್ತು ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೇರಿತ್ತು.

ಮೂರನೆಯದಕ್ಕೆ ಹೋಗುವ ಮುನ್ನ ಒಂದು ಘಟನೆ ಹೇಳಬೇಕು. ಸ್ಥಳ ಅಮೆರಿಕದ ಷಿಕಾಗೊ, 1979ರ ಜುಲೈ 12. ಕೊಮಿಸ್ಕಿ ಪಾರ್ಕ್ ಎಂಬ ಬೇಸ್‌ಬಾಲ್ ಮೈದಾನಕ್ಕೆ, ಒಂದು ಡಿಸ್ಕೋ ರೆಕಾರ್ಡು ತಂದುಕೊಟ್ಟವರಿಗೆ 98 ಸೆಂಟಿಗೆ ಟಿಕೆಟ್ಟು ಎಂದು ಸಾರಲಾಗಿತ್ತು. ಎರಡು ಪಂದ್ಯಗಳ ನಡುವೆ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಸಿದರು. ಜನ ಮೈದಾನಕ್ಕೆ ನುಗ್ಗಿದರು. ಎರಡನೆಯ ಪಂದ್ಯ ನಡೆಯಲೇ ಇಲ್ಲ. ಅಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಕೆಲಸದಲ್ಲಿದ್ದ ವಿನ್ಸ್ ಲಾರೆನ್ಸ್ ಎಂಬ ಕಪ್ಪು ಹುಡುಗ, ಜನ ತಂದದ್ದು ಡಿಸ್ಕೋ ರೆಕಾರ್ಡುಗಳನ್ನು ಮಾತ್ರವಲ್ಲ, ಕಪ್ಪು ಕಲಾವಿದರ ಬೇರೆ ರೆಕಾರ್ಡುಗಳನ್ನೂ ತಂದಿದ್ದರು ಎಂಬುದನ್ನು ಗಮನಿಸಿದ. ಅಮೆರಿಕದ ನಗರಗಳಲ್ಲಿ ಡಿಸ್ಕೋವನ್ನು ಬೆಳೆಸಿದವರು ಹೆಚ್ಚಾಗಿ ಕಪ್ಪು ಜನ, ಲ್ಯಾಟಿನ್ ಅಮೆರಿಕ ಮೂಲದವರು, ಸಲಿಂಗಪ್ರೇಮಿಗಳು. ಆದ್ದರಿಂದ ಆ ಸಿಡಿತವನ್ನು ಬರೀ ಅಭಿರುಚಿಯ ವಿಷಯವೆಂದು ಬಿಟ್ಟುಬಿಡಲಾಗದು.

ಅದೇ ಹುಡುಗ ಸಿಂಥಸೈಜರ್ ಕೊಳ್ಳಲು ಹಣ ಕೂಡಿಹಾಕುತ್ತಿದ್ದ. 1984ರಲ್ಲಿ ಜೆಸ್ಸಿ ಸೌಂಡರ್ಸ್ ಜೊತೆ 'ಆನ್ ಆಂಡ್ ಆನ್' ರಚಿಸಿದ. ಹೌಸ್ ಸಂಗೀತದ ಮೊದಲ ರೆಕಾರ್ಡುಗಳಲ್ಲಿ ಅದನ್ನು ಎಣಿಸುತ್ತಾರೆ. 'ಹೌಸ್' ಎಂಬ ಹೆಸರು ಬಂದದ್ದು ಅದೇ ನಗರದ 'ವೇರ್‌ಹೌಸ್' ಎಂಬ ನೃತ್ಯಶಾಲೆಯಿಂದ. ಅಲ್ಲಿ ಫ್ರ್ಯಾಂಕಿ ನಕಲ್ಸ್ ಎಂಬ ಡಿ.ಜೆ. ಊರೆಲ್ಲ ಬೇಡವೆಂದ ಡಿಸ್ಕೋ ತಟ್ಟೆಗಳನ್ನು ಜೋಡಿಸಿ, ಹಿಗ್ಗಿಸಿ ನುಡಿಸುತ್ತಿದ್ದರು. 2004ರಲ್ಲಿ ಅದೇ ಬೀದಿಯ ಒಂದು ಭಾಗಕ್ಕೆ ನಗರವು ಅವರ ಹೆಸರನ್ನೇ ಇಟ್ಟಿತು.

ಈಗ ಮೂರನೆಯದು: ಲ್ಯಾರಿ ಹರ್ಡ್ ಅವರು 'ಮಿಸ್ಟರ್ ಫಿಂಗರ್ಸ್' ಎಂಬ ಹೆಸರಿನಲ್ಲಿ 1986ರಲ್ಲಿ ತಂದ 'ಕ್ಯಾನ್ ಯು ಫೀಲ್ ಇಟ್'. ಮೂಲದಲ್ಲಿ ಇದಕ್ಕೆ ಮಾತಿಲ್ಲ. ಯಂತ್ರದಿಂದ ಇಷ್ಟು ಮೃದುವಾದ, ತುಸು ವಿಷಾದದ ನಾದ ಹೊರಟೀತೇ ಎಂದು ನಿಮಗೆ ಬೆರಗಾಗಬಹುದು. ಓದಿ ದಣಿದ ರಾತ್ರಿಗೆ ಇದು ಹೇಳಿಮಾಡಿಸಿದ್ದು.

ನಾಲ್ಕನೆಯದು, 'ಫ್ಯೂಚರ್' ತಂಡದ 'ಆಸಿಡ್ ಟ್ರ್ಯಾಕ್ಸ್', 1987. ಇದರ ನಾಯಕ ಒಂದು ಸಣ್ಣ ಪೆಟ್ಟಿಗೆ, ಜಪಾನಿನ ರೋಲ್ಯಾಂಡ್ ಕಂಪನಿಯ ಟಿಬಿ-303. ಒಬ್ಬನೇ ಕುಳಿತು ಗಿಟಾರ್ ಅಭ್ಯಾಸ ಮಾಡುವವನಿಗೆ ಮಂದ್ರ ಸ್ವರದ ಜೊತೆ ಕೊಡಲೆಂದು ಮಾಡಿದ ಯಂತ್ರ ಅದು. ಯಾರಿಗೂ ರುಚಿಸಲಿಲ್ಲ, 1984ರಲ್ಲಿ ತಯಾರಿಕೆ ನಿಂತಿತು. ಷಿಕಾಗೊದ ಹುಡುಗರು ಹಳೆಯದೊಂದನ್ನು ಅಗ್ಗಕ್ಕೆ ಕೊಂಡು, ಸ್ವರ ನುಡಿಯುತ್ತಿರುವಾಗಲೇ ಅದರ ಗುಂಡಿಗಳನ್ನು ತಿರುಗಿಸಿದರು. ಒಂದು ಗುಂಡಿ ಯಾವ ಆವರ್ತಾಂಕದವರೆಗೆ ಸದ್ದನ್ನು ಬಿಡಬೇಕೆಂದು ನಿಗದಿಮಾಡುತ್ತದೆ, ಇನ್ನೊಂದು ಆ ಗಡಿಯಲ್ಲಿರುವ ಸದ್ದನ್ನು ಎತ್ತಿ ತೋರಿಸುತ್ತದೆ. ಹಾಗಾಗಿ ಸ್ವರಗಳು ಅವೇ ಇದ್ದರೂ ನಾದ ಚೀರುತ್ತದೆ, ಗುಳುಗುಳು ಎನ್ನುತ್ತದೆ. ಪಿ.ಯು.ಸಿ.ಯಲ್ಲಿ ನೀವು ಓದುವ ಅನುರಣನೆಯ ಪಾಠ ಇಲ್ಲಿ ಕಿವಿಗೇ ಸಿಗುತ್ತದೆ.

ಐದನೆಯದು, ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು. ಮುಂಬಯಿಯ ಹಿಂದಿ ಚಿತ್ರಗಳ ವಾದ್ಯವೃಂದದಲ್ಲಿ ದುಡಿಯುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲೇ, ಅಂದರೆ 'ಆಸಿಡ್ ಟ್ರ್ಯಾಕ್ಸ್'ಗೆ ಐದು ವರ್ಷ ಮೊದಲೇ, ಅದೇ ಟಿಬಿ-303 ಮತ್ತು ಟಿಆರ್-808 ತಾಳಯಂತ್ರವನ್ನು ಬಳಸಿ ಭೈರವ್ ಮೊದಲಾದ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿದರು. ಸ್ವರದಿಂದ ಸ್ವರಕ್ಕೆ ಜಾರುವ ಆ ಯಂತ್ರದ ಗುಣ ನಮ್ಮ ಮೀಂಡಿಗೆ ಚೆನ್ನಾಗಿ ಒಗ್ಗಿತು. ಎಚ್.ಎಂ.ವಿ. ಹೊರತಂದ ಆ ತಟ್ಟೆಯನ್ನು ಆಗ ಹೆಚ್ಚು ಮಂದಿ ಕೇಳಲಿಲ್ಲ. 2010ರಲ್ಲಿ ಮರುಮುದ್ರಣವಾದಾಗ ಜಗತ್ತು ಬೆರಗಾಗಿ ಕಿವಿಗೊಟ್ಟಿತು. 2015ರಲ್ಲಿ ಸಿಂಗ್ ತೀರಿಕೊಂಡರು. ಮನ್ನಣೆ ಬಂತು, ಅದನ್ನು ಅನುಭವಿಸಲು ಅವರಿಗೆ ಸಿಕ್ಕದ್ದು ಐದೇ ವರ್ಷ.

ಕೇಳುವಾಗ ಎರಡು ಸೂಚನೆ. ಈ ಸಂಗೀತದ ಕೆಳದನಿಗಳು 50 ಹರ್ಟ್ಸ್ ಆಸುಪಾಸಿಗೂ ಇಳಿಯುತ್ತವೆ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಅವು ಕೇಳಿಸವು. ಆದ್ದರಿಂದ ಇಯರ್‌ಫೋನ್ ಬಳಸಿ, ಆದರೆ ಸದ್ದನ್ನು ಮಿತವಾಗಿಡಿ. ಕೆಟ್ಟ ಕಿವಿಗೆ ಮರುಮುದ್ರಣವಿಲ್ಲ. ಎರಡನೆಯದಾಗಿ, ಕೈಯಲ್ಲಿ ಪೆನ್ಸಿಲು ಹಿಡಿದು ಎಣಿಸಿ. ಎಂಟು ಅಥವಾ ಹದಿನಾರು ಆವರ್ತಗಳಿಗೊಮ್ಮೆ ಏನು ಸೇರಿತು, ಏನು ಕಳಚಿತು ಎಂದು ಬರೆದುಕೊಳ್ಳಿ. ಇಷ್ಟು ಮಾಡಿದ ಮೇಲೂ ಅದು ಬರೀ ಧಬಧಬ ಎನಿಸಿದರೆ ಧಾರಾಳವಾಗಿ ಹಾಗೆನ್ನಿ. ಕೇಳಿ ಹೇಳಿದ ಮಾತಿಗೆ ಬೆಲೆಯುಂಟು.

ಒಂದು ವಾದ್ಯವನ್ನೋ ಹಾಡನ್ನೋ ಎಲ್ಲರೂ ಸೇರಿ ನಗುತ್ತ ಬಿಸಾಡುತ್ತಿದ್ದಾರೆ ಎಂದರೆ, ಅದರೊಂದಿಗೆ ಯಾರನ್ನು ಬಿಸಾಡುತ್ತಿದ್ದಾರೆ ಎಂದೂ ಒಮ್ಮೆ ನೋಡಿ. ಷಿಕಾಗೊದ ಆ ಹುಡುಗ ನೋಡಿದ್ದು ಅದನ್ನೇ.