ಕಾಣದ ಅಂಗಡಿಯ ತೆರಿಗೆ



ಈ ಉಪನ್ಯಾಸದ ದತ್ತಿಯನ್ನು ಇಟ್ಟ ಹಿರಿಯರು ಜವಳಿ ಅಂಗಡಿ ನಡೆಸಿದವರು. ಮಾರಾಟ ತೆರಿಗೆಯ ತಾಪತ್ರಯ ಏನೆಂದು ಬಲ್ಲವರು. ಆದ್ದರಿಂದ ಅಂಗಡಿಯೇ ಕಾಣದ ವ್ಯಾಪಾರಕ್ಕೆ ತೆರಿಗೆ ಹಾಕಿದ ಕಥೆಯನ್ನೇ ಈ ಹೊತ್ತು ಆರಿಸಿಕೊಂಡಿದ್ದೇನೆ. ಕಥೆ ಅಮೆರಿಕದ ಸೌತ್ ಡಕೋಟ ರಾಜ್ಯದ್ದು. ಅಷ್ಟು ದೂರ ಯಾಕೆಂದರೆ, ಆನ್‌ಲೈನ್ ತೆರಿಗೆ ಬಂದರೆ ಜನರಿಗೆ ಏನು ಕೊಡುತ್ತೇವೆ ಎಂಬ ಮಾತನ್ನು ಆ ಸರ್ಕಾರ ಕಾನೂನಿನಲ್ಲೇ ಬರೆದಿಟ್ಟಿತ್ತು.

2011ರ ಜನಗಣತಿಯ ಮೈಸೂರು ನಗರದಲ್ಲಿ ಎಷ್ಟು ಜನರಿದ್ದರೋ ಆ ಇಡೀ ರಾಜ್ಯದಲ್ಲಿ ಹೆಚ್ಚುಕಡಿಮೆ ಅಷ್ಟೇ ಜನ. ಅಲ್ಲಿ ರಾಜ್ಯ ಆದಾಯ ತೆರಿಗೆ ಇಲ್ಲ. ಸಾಮಾನ್ಯ ನಿಧಿಯ ಶೇ. 60ಕ್ಕೂ ಹೆಚ್ಚು ಭಾಗ ಮಾರಾಟ ಮತ್ತು ಬಳಕೆ ತೆರಿಗೆಯಿಂದಲೇ ಬರುತ್ತಿತ್ತು. ದಿನಸಿಗೂ ತೆರಿಗೆ ಉಂಟು. ಶಾಲೆ ನಡೆಯುವುದೂ ಪೊಲೀಸರಿಗೆ ಸಂಬಳ ಸಿಗುವುದೂ ಅಂಗಡಿಯ ರಸೀದಿಯಿಂದ ಎಂದರೆ ತಪ್ಪಾಗದು.

ಇಂಥ ರಾಜ್ಯಕ್ಕೆ ಅಡ್ಡಿಯಾಗಿ ಕೂತದ್ದು ಕ್ಯಾಟಲಾಗ್ ಕಾಲದ ಎರಡು ತೀರ್ಪುಗಳು. 1967ರ ಬೆಲಾಸ್ ಹೆಸ್ ಪ್ರಕರಣದಲ್ಲೂ 1992ರ ಕ್ವಿಲ್ ಪ್ರಕರಣದಲ್ಲೂ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು ಒಂದೇ: ರಾಜ್ಯದೊಳಗೆ ಮಳಿಗೆಯೋ ಗೋದಾಮೋ ನೌಕರರೋ ಇಲ್ಲದ ವ್ಯಾಪಾರಿಯಿಂದ ತೆರಿಗೆ ವಸೂಲಿ ಮಾಡಿಸುವಂತಿಲ್ಲ. ತೆರಿಗೆ ಇರಲಿಲ್ಲವೆಂದಲ್ಲ, ಗ್ರಾಹಕನೇ ಲೆಕ್ಕ ಹಾಕಿ ಕಟ್ಟಬೇಕಿತ್ತು. ಹಾಗೆ ಕಟ್ಟುವ ಪುಣ್ಯಾತ್ಮರು ಯಾವ ದೇಶದಲ್ಲಿದ್ದಾರೆ? ವರ್ಷಕ್ಕೆ 4.8ರಿಂದ 5.8 ಕೋಟಿ ಡಾಲರ್ ಕೈತಪ್ಪುತ್ತಿದೆ ಎಂದು ಸೌತ್ ಡಕೋಟ ಅಂದಾಜು ಹಾಕಿತು.

2016ರಲ್ಲಿ ಅಲ್ಲಿನ ಶಾಸನಸಭೆ ಎರಡು ಕೆಲಸ ಮಾಡಿತು. ರಾಜ್ಯದಲ್ಲಿ 1 ಲಕ್ಷ ಡಾಲರ್ ಮೀರಿ ಮಾರುವ, ಇಲ್ಲವೇ 200 ವಹಿವಾಟು ನಡೆಸುವ ಹೊರಗಿನ ವ್ಯಾಪಾರಿ ತೆರಿಗೆ ವಸೂಲಿ ಮಾಡಲೇಬೇಕು ಎಂದಿತು. ಕೋರ್ಟಿಗೆ ಹೋಗಲೆಂದೇ ಮಾಡಿದ ಕಾನೂನು ಅದು. ವೇಫೇರ್, ಓವರ್‌ಸ್ಟಾಕ್, ನ್ಯೂಎಗ್ ಕಂಪನಿಗಳು ಎದುರು ನಿಂತವು. 2018ರ ಜೂನ್ 21ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ರಾಜ್ಯದ ಪರ, ನಾಲ್ವರು ವಿರುದ್ಧ. ಬಹುಮತದ ತೀರ್ಪು ಬರೆದವರು ಆಂಥನಿ ಕೆನಡಿ. ಕ್ವಿಲ್ ಬಿದ್ದುಹೋಯಿತು. ತೆರಿಗೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ.

ನನಗೆ ಮುಖ್ಯವೆನಿಸುವುದು ಎರಡನೆಯ ಕೆಲಸ. ಅಲ್ಲಿ ಶಿಕ್ಷಕರ ಸರಾಸರಿ ಸಂಬಳ ಅಮೆರಿಕಕ್ಕೆಲ್ಲ ಕಡಿಮೆ ಎಂಬ ಅಪಖ್ಯಾತಿಯಿತ್ತು. ಅದನ್ನು ಏರಿಸಲು ಅದೇ ಅಧಿವೇಶನದಲ್ಲಿ ಮಾರಾಟ ತೆರಿಗೆಯನ್ನು ಶೇ. 4ರಿಂದ 4.5ಕ್ಕೆ ಹೆಚ್ಚಿಸಿದರು. ಹೆಚ್ಚುವರಿ ಹಣದ ಬಹುಪಾಲು ಶಿಕ್ಷಕರಿಗೆ, ಉಳಿದದ್ದರಲ್ಲಿ ಹೆಚ್ಚಿನದು ಆಸ್ತಿ ತೆರಿಗೆ ತಗ್ಗಿಸಲು. ಜೊತೆಗೊಂದು ಷರತ್ತು: ಹೊರಗಿನ ವ್ಯಾಪಾರಿಗಳಿಂದ ಹೊಸದಾಗಿ ಬರುವ ಪ್ರತಿ 2 ಕೋಟಿ ಡಾಲರಿಗೆ ದರ ಶೇ. 0.1ರಷ್ಟು ಇಳಿಯಬೇಕು, 4ಕ್ಕೆ ಮುಟ್ಟುವವರೆಗೆ.

ಓದಲು ಎಷ್ಟು ಚೆನ್ನ! ಆದರೆ ‘ಹೊಸದಾಗಿ ಬಂದ’ ಹಣ ಯಾವುದು? ಅಮೆಜಾನ್ ತೀರ್ಪಿಗೆ ಕಾಯದೆ 2017ರಲ್ಲೇ ವಸೂಲಿ ಶುರುಮಾಡಿತ್ತು. ಅದನ್ನು ಎಣಿಸುವುದೋ ಬಿಡುವುದೋ? ತೀರ್ಪು ಬಂದು ವರ್ಷಗಳಾದರೂ ದರ 4.5ರಲ್ಲೇ ಇತ್ತು. 2023ರಲ್ಲಿ 4.2ಕ್ಕೆ ಇಳಿದದ್ದು ಹೊಸ ಕಾನೂನಿನಿಂದ, ಅದೂ 2027ರವರೆಗೆ ಮಾತ್ರ. ಶಿಕ್ಷಕರ ಸಂಬಳ ಏರಿದ್ದು ನಿಜ. ದೇಶದ ಪಟ್ಟಿಯಲ್ಲಿ ಅವರು ಆಮೇಲೂ ತಳದ ಆಸುಪಾಸಿನಲ್ಲೇ ಉಳಿದರು. ಕಂಪನಿಗಳ ಮೇಲೆ ಗೆದ್ದ ಸರ್ಕಾರ ಲೆಕ್ಕದ ಪುಸ್ತಕದ ಮುಂದೆ ಸೋತಿತು ಎಂಬುದು ನನ್ನ ಅಭಿಪ್ರಾಯ. ಮಾತು ಕೊಡುವಾಗಲೇ ಎಣಿಸುವ ಬಗೆಯನ್ನೂ ಗೊತ್ತುಮಾಡಿದ್ದರೆ ಈ ಪೇಚು ಇರುತ್ತಿರಲಿಲ್ಲ.

ನಮ್ಮಲ್ಲೂ ‘ವ್ಯಾಪಾರ ನಡೆದದ್ದೆಲ್ಲಿ’ ಎಂಬ ತಕರಾರು ಎದ್ದಿತ್ತು. ಅಮೆಜಾನ್ ಗೋದಾಮಿನಲ್ಲಿ ಸರಕಿಟ್ಟು ಮಾರುತ್ತಿದ್ದವರಿಗೂ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಗೂ 2014ರಲ್ಲಿ ಜಟಾಪಟಿ ನಡೆದದ್ದು ಕೆಲವರಿಗಾದರೂ ನೆನಪಿರಬಹುದು. 2017ರ ಜುಲೈ 1ರಂದು ಬಂದ ಜಿಎಸ್‌ಟಿ ಆ ಗಂಟನ್ನು ಬಹುಮಟ್ಟಿಗೆ ಬಿಡಿಸಿತು. ಸೂರತ್ತಿನ ಸೀರೆಯನ್ನು ಧಾರವಾಡದ ಗೃಹಿಣಿ ಆನ್‌ಲೈನಿನಲ್ಲಿ ತರಿಸಿಕೊಂಡರೆ ತೆರಿಗೆಯಲ್ಲಿ ರಾಜ್ಯದ ಪಾಲು ಗುಜರಾತಿಗಲ್ಲ, ಕರ್ನಾಟಕಕ್ಕೆ. 2018ರ ಅಕ್ಟೋಬರ್‌ನಿಂದ ಆನ್‌ಲೈನ್ ಮಾರುಕಟ್ಟೆ ನಡೆಸುವ ಕಂಪನಿಗಳು ವ್ಯಾಪಾರಿಗೆ ಕೊಡಬೇಕಾದ ಹಣದಲ್ಲೇ ಮೊದಲು ಶೇ. 1, ಈಗ ಶೇ. 0.5 ಹಿಡಿದು ಸರ್ಕಾರಕ್ಕೆ ಕಟ್ಟುತ್ತವೆ. ಯಾರು ಎಷ್ಟು ಮಾರಿದರೆಂದು ತಿಂಗಳಿಗೊಮ್ಮೆ ಜಿಎಸ್‌ಟಿಆರ್-8ರಲ್ಲಿ ಲೆಕ್ಕ ಒಪ್ಪಿಸುತ್ತವೆ.

ಎಂದರೆ ಸೌತ್ ಡಕೋಟಕ್ಕೆ ಸಿಗದ ಲೆಕ್ಕದ ಬಹುಭಾಗ ನಮ್ಮ ತೆರಿಗೆ ವ್ಯವಸ್ಥೆಯೊಳಗೇ ಇದೆ. ಆದರೂ ಬಜೆಟ್ ಪುಸ್ತಕದಲ್ಲಿ ಬೀದಿಯಂಗಡಿಯ ತೆರಿಗೆಯೂ ಮೊಬೈಲಿನಲ್ಲಿ ಕೊಂಡದ್ದರ ತೆರಿಗೆಯೂ ರಾಜ್ಯ ಜಿಎಸ್‌ಟಿ ಎಂಬ ಒಂದೇ ಶೀರ್ಷಿಕೆಯಲ್ಲಿ ಕಲೆತುಹೋಗುತ್ತವೆ. ಗ್ಯಾರಂಟಿ ಯೋಜನೆಗಳ ಖರ್ಚಿನ ಬಗ್ಗೆ ಪರ ವಿರೋಧ ಗಂಟಲು ಹರಿಯುವಂತೆ ವಾದಿಸುತ್ತೇವೆ. ಹಣ ಎಲ್ಲಿಂದ ಬಂತೆಂದು ಕೇಳುವವರು ಕಡಿಮೆ.

ಸಭೆಯಲ್ಲಿ ಶಾಸಕರೂ ಅಧಿಕಾರಿಗಳೂ ಇದ್ದೀರಿ. ಆನ್‌ಲೈನ್ ಖರೀದಿಯಿಂದ ರಾಜ್ಯಕ್ಕೆ ಬಂದ ತೆರಿಗೆ ಎಷ್ಟೆಂಬುದನ್ನು ಬಜೆಟ್ಟಿನ ಜೊತೆ ಪ್ರತಿವರ್ಷ ಪ್ರತ್ಯೇಕವಾಗಿ ಪ್ರಕಟಿಸಬೇಕೆಂದು ಸದನದಲ್ಲಿ ಕೇಳಿ. ಅಂಗಡಿ ಇಟ್ಟವರೂ ಮೊಬೈಲಿನಲ್ಲಿ ಕೊಂಡವರೂ ಆ ಅಂಕಿಯನ್ನು ನೋಡಲಿ.