ಪ್ರಸಾಧನದ ಪೆಟ್ಟಿಗೆ ಯಾರ ಹೆಸರಿನಲ್ಲಿದೆ?

(ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳಲ್ಲಿ ಮದುಮಗಳ ಅಲಂಕಾರದ ಕೆಲಸ ಆರಂಭಿಸುತ್ತಿರುವ ಮಹಿಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)



ಮಹಿಳಾ ಚಳವಳಿಯವರು ಮೇಕಪ್ ಬಗ್ಗೆ ಮಾತಾಡುವುದೇ ಎಂದು ಕೆಲವರು ಹುಬ್ಬೇರಿಸಿದ್ದಾರೆ. ಪ್ರಶ್ನೆಯಲ್ಲಿ ಅರ್ಥವಿದೆ. 1996ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ಮಹಿಳಾ ಸಂಘಟನೆಗಳು ಬೀದಿಗಿಳಿದು ವಿರೋಧಿಸಿದ್ದವು. ಹೆಣ್ಣಿನ ದೇಹವನ್ನು ಸರಕು ಮಾಡುವ ಮಾರುಕಟ್ಟೆಯ ಬಗ್ಗೆ ನಮ್ಮ ಸಿಟ್ಟು ಇನ್ನೂ ಆರಿಲ್ಲ. ಆದರೆ ಬಣ್ಣ ಮಾರುವ ಕಂಪನಿ ಬೇರೆ, ಬಣ್ಣ ಹಚ್ಚಿ ಹೊಟ್ಟೆ ಹೊರೆಯುವ ಹೆಂಗಸು ಬೇರೆ.

ಈ ಕೆಲಸವೂ ಹೆಂಗಸರಿಗೆ ಸುಮ್ಮನೆ ಸಿಕ್ಕಿದ್ದಲ್ಲ. ಮುಂಬೈ ಚಿತ್ರರಂಗದಲ್ಲಿ ಹೆಂಗಸರು ಕೇಶಾಲಂಕಾರ ಮಾಡಬಹುದಿತ್ತು. ಮೇಕಪ್ ಕಲಾವಿದೆ ಎಂಬ ಸದಸ್ಯತ್ವವನ್ನು ಮಾತ್ರ ಅಲ್ಲಿನ ಸಂಘ ಕೊಡುತ್ತಿರಲಿಲ್ಲ. ಚಾರು ಖುರಾನಾ ಮತ್ತು ಇತರರು ಸುಪ್ರೀಂ ಕೋರ್ಟಿಗೆ ಹೋದರು. 2014ರ ನವೆಂಬರ್ 10ರಂದು ನ್ಯಾಯಾಲಯ ಆ ನಿಯಮವನ್ನು ತೆಗೆದುಹಾಕಿತು. ಅಲ್ಲಿಯವರೆಗೂ ಹೆಂಗಸಿನ ಮುಖಕ್ಕೆ ಬಣ್ಣ ಹಚ್ಚುವ ಕೂಲಿಯೂ ಗಂಡಸಿನದೇ ಆಗಿತ್ತು!

ಈಗ ಪೆಟ್ಟಿಗೆಯ ವಿಷಯಕ್ಕೆ ಬರೋಣ. ನಿಮ್ಮಲ್ಲಿ ಅನೇಕರು ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ಹಣ ಬೇಕು? ಪಟ್ಟಣದ ತರಬೇತಿ ಕೇಂದ್ರಗಳಲ್ಲಿ ಮೂವತ್ತು ನಲವತ್ತು ಸಾವಿರದ ಕಿಟ್ಟನ್ನು ಕೈಗೆ ಹಿಡಿಸುತ್ತಾರೆ. ಅದರಲ್ಲಿ ಅರ್ಧದಷ್ಟು ಬಣ್ಣವನ್ನು ನೀವು ವರ್ಷಕ್ಕೊಮ್ಮೆಯೂ ಮುಟ್ಟುವುದಿಲ್ಲ. ಅವಧಿ ಮುಗಿದು ತಿಪ್ಪೆಗೆ ಹೋಗುತ್ತದೆ. ನನ್ನ ಲೆಕ್ಕದಲ್ಲಿ ಸುಮಾರು ಐದು ಸಾವಿರ ರೂಪಾಯಿಯಲ್ಲಿ ಆರಂಭ ಮಾಡಬಹುದು. ಅದೂ ಒಂದೇ ದಿನ ಬೇಡ, ಮೂರು ನಾಲ್ಕು ತಿಂಗಳಲ್ಲಿ ಒಂದೊಂದಾಗಿ ಕೊಳ್ಳಿ.

ಹೆಚ್ಚು ಹಣ, ಅಂದರೆ ಸಾವಿರದ ಐನೂರರಷ್ಟು, ಫೌಂಡೇಶನ್ನಿಗೆ ಇಡಿ. ಹತ್ತು ಛಾಯೆ ಕೊಳ್ಳಬೇಡಿ. ತಿಳಿಯದು ಒಂದು, ಗೋಧಿ ಬಣ್ಣದ್ದು ಒಂದು, ಗಾಢವಾದದ್ದು ಒಂದು ಇದ್ದರೆ ಚಿಕ್ಕ ಸ್ಟೀಲ್ ತಟ್ಟೆಯ ಮೇಲೆ ಬೆರೆಸಿಕೊಂಡು ನಮ್ಮ ಸೀಮೆಯ ಬಹುತೇಕ ಎಲ್ಲ ಮೈಬಣ್ಣಕ್ಕೂ ಹೊಂದಿಸಬಹುದು. ನಮ್ಮವರ ಚರ್ಮದಲ್ಲಿ ಹಳದಿ ಛಾಯೆ ಹೆಚ್ಚು. ಗುಲಾಬಿ ಛಾಯೆಯದನ್ನು ತಂದರೆ ಮುಖ ಬೂದಿ ಬಳಿದಂತೆ ಕಾಣುತ್ತದೆ. ಬಣ್ಣವನ್ನು ಅಂಗೈ ಹಿಂಭಾಗದಲ್ಲಿ ಹಚ್ಚಿ ನೋಡಬೇಡಿ. ದವಡೆಯ ಅಂಚಿನಲ್ಲಿ ಹಚ್ಚಿ, ಬಾಗಿಲ ಬಳಿ ಹಗಲು ಬೆಳಕಿನಲ್ಲಿ ನೋಡಿ.

ನಂತರ ಬ್ರಷ್ಷು ಮತ್ತು ಸ್ಪಾಂಜು, ಏಳುನೂರರಲ್ಲಿ. ಆರು ಬ್ರಷ್ ಸಾಕು. ಕಣ್ಣಿಗೆ ಕಂದು ಮತ್ತು ಚಿನ್ನದ ಬಣ್ಣವಿರುವ ಒಂದು ಪ್ಯಾಲೆಟ್, ಕಾಡಿಗೆ, ಐಲೈನರ್, ಮಸ್ಕಾರ. ನಾಲ್ಕು ಲಿಪ್‌ಸ್ಟಿಕ್: ಕೆಂಪು, ಇಟ್ಟಿಗೆ ಕೆಂಪು, ಗುಲಾಬಿ, ಕಂದು, ಮಿಕ್ಕಿದ್ದೆಲ್ಲ ಇವುಗಳ ಬೆರಕೆ. ಕೆನ್ನೆಗೂ ಅದೇ ಲಿಪ್‌ಸ್ಟಿಕ್ಕನ್ನು ತೆಳುವಾಗಿ ಹಚ್ಚಬಹುದು. ಮುಖ ತೊಳೆಯುವ ಮತ್ತು ತೇವ ಉಳಿಸುವ ಕ್ರೀಮು, ಒಂದು ಪೌಡರು. ಪೌಡರಿನಲ್ಲಿ ಜಿಪುಣತನ ಬೇಡ, ಧಾರಾಳವೂ ಬೇಡ. ಏಪ್ರಿಲ್-ಮೇ ತಿಂಗಳಲ್ಲಿ ಕಡೂರು ಕಡೆಯ ಛತ್ರಗಳಲ್ಲಿ ಕರೆಂಟು ಹೋದರೆ ಧಾರೆಯ ಹೊತ್ತಿಗೆ ಮದುಮಗಳು ಬೆವರಿ ತೊಯ್ದಿರುತ್ತಾಳೆ. ಆಗ ಪೌಡರಿನ ಮೇಲೆ ಪೌಡರು ಬಳಿಯದೆ, ಮೊದಲು ಟಿಶ್ಯೂ ಕಾಗದದಿಂದ ಒತ್ತಿ ಬೆವರು ತೆಗೆಯಬೇಕು. ತೀರಾ ಬಿಳಿಯ ಪೌಡರು ಕ್ಯಾಮೆರಾದ ಬೆಳಕಿಗೆ ಸುಣ್ಣದ ಹಾಗೆ ಕಾಣುತ್ತದೆ ಎಂಬುದೂ ನೆನಪಿರಲಿ.

ಉಳಿದ ಹಣದಲ್ಲಿ ಹತ್ತಿ, ಹೇರ್‌ಪಿನ್ನು, ಮತ್ತು ಬಹಳ ಮುಖ್ಯವಾಗಿ ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಿರಿಟ್. ಒಬ್ಬಳ ಕಣ್ಣಿಗೆ ಹಚ್ಚಿದ ಕಾಡಿಗೆ ಕಡ್ಡಿಯನ್ನು ಇನ್ನೊಬ್ಬಳ ಕಣ್ಣಿಗೆ ತಾಗಿಸಬೇಡಿ. ಲಿಪ್‌ಸ್ಟಿಕ್ಕನ್ನು ತುಟಿಗೆ ನೇರ ಹಚ್ಚದೆ ತಟ್ಟೆಗೆ ಕೆರೆದುಕೊಂಡು ಬ್ರಷ್ಷಿನಿಂದ ಹಚ್ಚಿ. ಮುಹೂರ್ತದ ಹಿಂದಿನ ದಿನವೇ ಕಿವಿಯ ಹಿಂದೆ ಸ್ವಲ್ಪ ಹಚ್ಚಿ, ತುರಿಕೆ ಬರುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಪೆಟ್ಟಿಗೆಗೆ ಹಣ ಸುರಿಯಬೇಡಿ. ಮನೆಯಲ್ಲಿರುವ ಟ್ರಂಕೋ, ಅಗಲವಾದ ಸ್ಟೀಲ್ ಡಬ್ಬಿಯೋ ಆದೀತು. ಮೊಗ್ಗಿನ ಜಡೆ ಹೆಣೆಯಲು ಬರುವವರಿಗಂತೂ ಅರ್ಧ ಬಂಡವಾಳ ಬೆರಳಲ್ಲೇ ಇದೆ.

ಸಂತೆಯಲ್ಲಿ ದೊಡ್ಡ ಕಂಪನಿಯ ಹೆಸರಿನ ಮಾಲು ಐವತ್ತು ರೂಪಾಯಿಗೆ ಸಿಕ್ಕಿತೆಂದು ಹಿಗ್ಗಬೇಡಿ. ಡಬ್ಬಿಯ ಮೇಲೆ ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿಯ ದಿನಾಂಕ ಇಲ್ಲದಿದ್ದರೆ ಕೊಳ್ಳಬೇಡಿ. ಮುಖ್ಯವಾಗಿ, ವಾರದಲ್ಲಿ ಬೆಳ್ಳಗೆ ಮಾಡುವ ಹೆಸರಿಲ್ಲದ ಕ್ರೀಮುಗಳು. ಇಂಥವುಗಳಲ್ಲಿ ಪಾದರಸ ಸಿಕ್ಕಿರುವ ಪ್ರಕರಣಗಳು ಬಹಳ. ಅದು ಮೂತ್ರಪಿಂಡವನ್ನು ಕೆಡಿಸುತ್ತದೆ.

ಬೆಳ್ಳಗಿನ ಮಾತು ಬಂದಿತಲ್ಲ, ಅಲ್ಲೇ ಸ್ವಲ್ಪ ನಿಲ್ಲೋಣ. ಮದುಮಗಳ ತಾಯಿ ನಿಮ್ಮ ಕಿವಿಯಲ್ಲಿ, 'ಸ್ವಲ್ಪ ಬೆಳ್ಳಗೆ ಕಾಣೋ ಹಾಗೆ ಮಾಡಮ್ಮ, ಗಂಡಿನ ಕಡೆಯವರು ಆಡಿಕೊಳ್ತಾರೆ' ಎನ್ನುತ್ತಾರೆ. ಆ ತಾಯಿಯನ್ನು ಬೈಯಬೇಡಿ. ಹುಡುಗಿ ಕಪ್ಪೆಂದು ವರದಕ್ಷಿಣೆ ಏರಿಸುವ ವ್ಯಾಪಾರವನ್ನು ಆಕೆ ಕಣ್ಣಾರೆ ಕಂಡಿದ್ದಾಳೆ. 1975ರಿಂದ ಮಾರಾಟವಾಗುತ್ತಿದ್ದ ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರಿನಿಂದ 'ಫೇರ್' ಪದವನ್ನು ಕಿತ್ತುಹಾಕಿತು. ವಧುಪರೀಕ್ಷೆಯ ಚಾಪೆಯಿಂದ ಅದು ಇನ್ನೂ ಎದ್ದಿಲ್ಲ. ನೀವು ಮಾಡಬಹುದಾದದ್ದು ಇಷ್ಟು: ಕುತ್ತಿಗೆಯ ಬಣ್ಣಕ್ಕೆ ಸರಿಯಾಗಿ ಮುಖವನ್ನು ಹೊಂದಿಸಿ ಕನ್ನಡಿ ತೋರಿಸುವುದು. ಚೆನ್ನಾಗಿ ಮಾಡಿದ ಕೆಲಸಕ್ಕೆ ತಾಯಿಯೂ ತಲೆದೂಗುತ್ತಾಳೆ.

ಇನ್ನೊಂದು ಸಂದರ್ಭ ಬರುತ್ತದೆ, ಮುಂಚೆಯೇ ತಿಳಿದಿರಲಿ. ಮದುವೆಯಾದ ಹೆಂಗಸೊಬ್ಬಳು ಸೀಮಂತಕ್ಕೋ ತಂಗಿಯ ಆರತಕ್ಷತೆಗೋ ಅಲಂಕಾರಕ್ಕೆ ಕೂರುತ್ತಾಳೆ. ಕೆನ್ನೆಯಲ್ಲಿ ನೀಲಿಗಟ್ಟಿದ ಗುರುತು. 'ಬಿದ್ದೆ' ಎನ್ನುತ್ತಾಳೆ. ನೀಲಿ ಗುರುತಿನ ಮೇಲೆ ಕಿತ್ತಳೆ ಛಾಯೆಯ ಕನ್ಸೀಲರ್ ತೆಳುವಾಗಿ ಹಚ್ಚಿ, ಮೇಲೆ ಫೌಂಡೇಶನ್ ಒತ್ತಿದರೆ ಮುಚ್ಚುತ್ತದೆ. ಕೆಲಸ ಕಲಿತವರಿಗೆ ಇದು ಗೊತ್ತು. ಮುಚ್ಚುವ ಮೊದಲು ಉಳಿದವರನ್ನು ಏನಾದರೂ ನೆಪ ಹೇಳಿ ಹೊರಗೆ ಕಳಿಸಿ, 'ಯಾರು ಹೊಡೆದದ್ದು?' ಎಂದು ಮೆಲ್ಲಗೆ ಕೇಳಿ. ಆಕೆ ಒಪ್ಪಿದರೆ ಆಕೆಯದೇ ಫೋನಿನಲ್ಲಿ ಗುರುತಿನ ಫೋಟೊ ತೆಗೆದುಕೊಡಿ, ಮುಂದೆ ಸಾಕ್ಷಿಯಾದೀತು. ಆದರೆ ಆ ಫೋನನ್ನು ಗಂಡ ತೆರೆದು ನೋಡುತ್ತಾನೆಯೇ ಎಂದು ಮೊದಲು ಕೇಳಿ. 181 ಮಹಿಳಾ ಸಹಾಯವಾಣಿ, ತುರ್ತಿಗೆ 112. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಸಂರಕ್ಷಣಾಧಿಕಾರಿ ಎಂದೂ ಹೇಳಿ. ಹಳೆಯ 498ಎ ಕಲಂ ರದ್ದಾಯಿತೆಂದು ಯಾರಾದರೂ ಹೆದರಿಸಿದರೆ ನಂಬಬೇಡಿ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮ್ಮಾಗಿದೆ. ಆಕೆ ಏನೂ ಬೇಡವೆಂದರೆ ಒತ್ತಾಯಿಸಬೇಡಿ. ಊರಲ್ಲಿ ಬಾಯಿ ಬಿಡಲೂ ಬೇಡಿ. ನಿಮ್ಮ ಬಾಯಿ ಸಡಿಲವಾದರೆ ಏಟು ಬೀಳುವುದು ಆಕೆಗೆ.

ಕೊನೆಗೆ ಹಣದ ಮಾತು. ಅವ್ವನ ಸರ ಅಡವಿಟ್ಟು ಪೆಟ್ಟಿಗೆ ಕಟ್ಟಬೇಡಿ. ಕಿರುಸಾಲದ ಕಂಪನಿಗಳ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು, ವಾರದ ಕಂತಿನ ಬಿಸಿ ನಿಮಗೆ ಗೊತ್ತೇ ಇದೆ. ಸ್ವಸಹಾಯ ಸಂಘದ ಒಳಸಾಲ ಸಾಕು. ದೊಡ್ಡದು ಬೇಕಾದಾಗ ಬ್ಯಾಂಕಿನಲ್ಲಿ ಮುದ್ರಾ ಯೋಜನೆಯ 'ಶಿಶು' ಸಾಲ ಕೇಳಿ, 50,000 ರೂಪಾಯಿವರೆಗೆ ಅಡಮಾನ ಬೇಡ.

ಪ್ರತಿ ಸಾಮಾನಿಗೂ ನಿಮ್ಮ ಹೆಸರಿನಲ್ಲಿ ಬಿಲ್ಲು ಹಾಕಿಸಿ, ಬಿಲ್ಲನ್ನು ಪೆಟ್ಟಿಗೆಯಲ್ಲಿಡದೆ ಬೇರೆ ಕಡೆ ಇಡಿ. ಕೂಲಿಯನ್ನು ನಿಮ್ಮ ಖಾತೆಗೇ ಹಾಕಿಸಿ. ಗಂಡನ ಫೋನಿಗೆ ಹೋದ ಹಣ ವಾಪಸು ಬಂದದ್ದನ್ನು ನಾನು ಕಂಡದ್ದು ಕಡಿಮೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಪ್ರಕಾರ ಹೆಣ್ಣು ತನ್ನ ಕೌಶಲದಿಂದ, ದುಡಿಮೆಯಿಂದ ಗಳಿಸಿದ ಆಸ್ತಿ ಪೂರ್ತಿಯಾಗಿ ಅವಳದೇ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005, ಎಲ್ಲ ಧರ್ಮದ ಹೆಂಗಸರಿಗೂ ಅನ್ವಯಿಸುತ್ತದೆ. ಅದರ 19ನೇ ಕಲಂ ಪ್ರಕಾರ ಸ್ತ್ರೀಧನವನ್ನೂ ಆಕೆಗೆ ಸೇರಬೇಕಾದ ಇತರ ಸ್ವತ್ತನ್ನೂ ಹಿಂದಿರುಗಿಸಲು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಮನೆಯಿಂದ ಹೊರದಬ್ಬಿ ಪೆಟ್ಟಿಗೆಯನ್ನು ಒಳಗಿಟ್ಟುಕೊಂಡರೆ ಅದನ್ನು ವಾಪಸು ಕೇಳುವ ಹಕ್ಕು ನಿಮಗಿದೆ. ಕೇಳುವಾಗ ಆ ಬಿಲ್ಲು ಬೇಕಾಗುತ್ತದೆ.

ಮಾತು ಇಷ್ಟು ಸಾಕು. ಮೂರು ಛಾಯೆಯ ಡಬ್ಬಿ ಮೇಜಿನ ಮೇಲಿದೆ. ಎಣ್ಣೆಗೆಂಪು ಮೈಬಣ್ಣದವರು ಒಬ್ಬರು ಮುಂದೆ ಬಂದು ಕಿಟಕಿಯ ಪಕ್ಕ ಕೂರಿ, ಬೆರೆಸಿ ತೋರಿಸುತ್ತೇನೆ.