ಅಟ್ಟದ ಮೇಲಿನ ಕೋವಿ ಈಗ ಯಾರದ್ದು?

ಇವತ್ತಿನ ವಿಷಯ ಬಂದೂಕು. ಶಿಕಾರಿಪುರ ಕಡೆಯ ಹುಡುಗನೊಬ್ಬ ಕಳಿಸಿದ ವಾಯ್ಸ್ ನೋಟ್‌ನಿಂದ ಇದು ಶುರುವಾಯ್ತು. ಅವನ ಪ್ರಶ್ನೆ ಇಷ್ಟು: "ಅಣ್ಣಾ, ಅಜ್ಜ ತೀರಿಕೊಂಡು ಎರಡು ವರ್ಷ ಆಯ್ತು. ಅವರ ಕೇಪಿನ ಕೋವಿ ಅಟ್ಟದ ಮೇಲೇ ಇದೆ. ಮೆಕ್ಕೆಜೋಳಕ್ಕೆ ದಿನಾ ಹಂದಿ ಬರ್ತಿದೆ. ನಾನು ಅದನ್ನ ತಗೋಬಹುದಾ? ಇಲ್ಲಾ ಅದನ್ನ ಬಿಟ್ಟು ಒಂದು ಪಿಸ್ತೂಲ್ ಲೈಸೆನ್ಸ್ ಮಾಡಿಸ್ಲಾ?"

ನಾನು ಸೊರಬ ತಾಲ್ಲೂಕಿನವನು, ಕೋವಿ ಇದ್ದ ಮನೇಲೇ ಬೆಳೆದವನು. ಅದಕ್ಕೇ ಈ ಪ್ರಶ್ನೆಗೆ ಒಂದೇ ಸಾಲಲ್ಲಿ ಉತ್ತರ ಹೇಳಿ ಮುಗಿಸೋಕೆ ಮನಸ್ಸು ಬರ್ಲಿಲ್ಲ.

ಮೊದಲು ಕಾನೂನು. ಗದ್ದೆ, ತೋಟ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ನಿಮಗೆ ಬರುತ್ತೆ. ಕೋವಿ ಹಾಗೆ ಬರೋದಿಲ್ಲ. ಲೈಸೆನ್ಸ್ ಅನ್ನೋದು ಆ ಮನುಷ್ಯನಿಗೆ ಕೊಟ್ಟಿದ್ದು, ಮನೆಗಲ್ಲ. ಅವರು ಹೋದ ಮೇಲೆ ಆ ಕೋವಿ ಇಟ್ಟುಕೊಳ್ಳೋ ಹಕ್ಕು ಮನೇಲಿ ಯಾರಿಗೂ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಅದನ್ನ ಅನಗತ್ಯ ತಡ ಮಾಡದೆ ಪೊಲೀಸ್ ಠಾಣೆಗೋ ಲೈಸೆನ್ಸ್ ಇರೋ ಬಂದೂಕಿನ ಅಂಗಡಿಗೋ ಒಪ್ಪಿಸಬೇಕು. "ನಾವು ಮುಟ್ಟೇ ಇಲ್ಲ, ಸುಮ್ನೆ ಅಟ್ಟದ ಮೇಲಿದೆ" ಅಂದ್ರೆ ನಡೆಯಲ್ಲ. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ 2019ರ ತಿದ್ದುಪಡಿ ಆದಮೇಲೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು, ಜೊತೆಗೆ ದಂಡ.

ಹೆದರಬೇಡಿ, ದಾರಿ ಇದೆ. 2016ರ ನಿಯಮಗಳಲ್ಲಿ ವಾರಸುದಾರರಿಗೆ ಅಂತಲೇ ಅವಕಾಶ ಕೊಟ್ಟಿದ್ದಾರೆ. ಅಜ್ಜನ ಮರಣ ಪತ್ರ, ಹಳೇ ಲೈಸೆನ್ಸ್ ಪುಸ್ತಕ, ಉಳಿದ ವಾರಸುದಾರರ ಒಪ್ಪಿಗೆ ಎಲ್ಲ ಇಟ್ಟು ಶಿವಮೊಗ್ಗದ ಜಿಲ್ಲಾಧಿಕಾರಿ ಕಚೇರಿಗೆ ನಿಮ್ಮ ಹೆಸರಲ್ಲಿ ಅರ್ಜಿ ಹಾಕಬಹುದು. ನಿಮಗೆ 21 ವರ್ಷ ತುಂಬಿರಬೇಕು. ಪೊಲೀಸ್ ವರದಿ ಆಗುತ್ತೆ, ವೈದ್ಯರ ಸರ್ಟಿಫಿಕೇಟ್ ಬೇಕಾಗುತ್ತೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಅಜ್ಜ ಬದುಕಿರುವಾಗಲೇ, ಅವರಿಗೆ 70 ವರ್ಷ ತುಂಬಿದ್ದರೆ ಅಥವಾ ಕೋವಿ ಅವರ ಹತ್ರ 25 ವರ್ಷದಿಂದ ಇದ್ದರೆ, ವರ್ಗಾವಣೆಗೆ ಕೇಳಬಹುದು. ಯಾರ ಮನೇಲಿ ವಯಸ್ಸಾದ ಲೈಸೆನ್ಸ್‌ದಾರರು ಇದ್ದಾರೋ ಅವರು ಈ ಮಾತನ್ನ ಈಗಲೇ ಎತ್ತಿ. ಅಜ್ಜನ ಎದುರಿಗೆ ಕೋವಿಯ ಮಾತು ತೆಗೆಯೋದು ಆಸ್ತಿ ಪಾಲಿನ ಮಾತಿಗಿಂತ ಕಷ್ಟ ಅಂತ ನಂಗೂ ಗೊತ್ತು. ಆದ್ರೂ ತೆಗೀರಿ.

ಈಗ ಆ ಹುಡುಗನಿಗೆ ತುರ್ತಾಗಿ ಹೇಳಬೇಕಾದ್ದು. ತಮ್ಮಾ, ನೀನು ಅಟ್ಟ ಹತ್ತಿ ಆ ಕೋವಿ ಇಳಿಸಬೇಡ.

ಯಾಕೆ ಅಂದ್ರೆ ಅದು ಕೇಪಿನ ಕೋವಿ. ತೋಟಾ ಕೋವಿ ಆದ್ರೆ ನಳಿಗೆ ಮಡಚಿ ನೋಡಿದ್ರೆ ತೋಟಾ ಇದೆಯೋ ಇಲ್ವೋ ಗೊತ್ತಾಗಿಬಿಡುತ್ತೆ, ಹೊರಗೆ ತೆಗೆದು ಜೇಬಿಗೆ ಹಾಕ್ಕೋಬಹುದು. ಕೇಪಿನ ಕೋವಿಗೆ ಮದ್ದು, ಚರೆ ಎಲ್ಲಾ ನಳಿಗೆ ಬಾಯಿಂದ ತುಂಬಿ ಗಜದಿಂದ ಜಡಿದಿರ್ತಾರೆ. ತುಂಬೋದು ಸುಲಭ, ಬಿಚ್ಚೋದು ಕಷ್ಟ. ಅದಕ್ಕೇ ಹಿಂದಿನವರು ರಾತ್ರಿ ಹಂದಿ ಬರದೇ ಇದ್ರೆ ಕೇಪು ಮಾತ್ರ ತೆಗೆದು, ತುಂಬಿದ ಕೋವಿಯನ್ನ ಹಾಗೇ ಗೋಡೆಗೆ ನೇತು ಹಾಕ್ತಿದ್ರು. ಕೆಲವರು ಕೇಪನ್ನೂ ತೆಗೀತಿರಲಿಲ್ಲ. ಒಣಗಿದ ಜಾಗದಲ್ಲಿ ಇದ್ದರೆ ಆ ಮದ್ದು ವರ್ಷಗಟ್ಟಲೆ ಕೆಡೋದಿಲ್ಲ. ಅಜ್ಜ ಕೊನೇ ಸಲ ತುಂಬಿದ್ದು ಹಾರಿಸಿದ್ರಾ ಇಲ್ವಾ, ಹೊರಗಿಂದ ನೋಡಿ ಯಾರಿಗೂ ಹೇಳೋಕಾಗಲ್ಲ. ಮೇಲಿಂದ ನಳಿಗೆಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರಬಹುದು, ತುಕ್ಕು ಹಿಡಿದಿರಬಹುದು. ಅಂಥಾ ಕೋವಿಯ ಈಡು ಮುಂದಕ್ಕೆ ಹೋಗದೆ ನಳಿಗೆಯನ್ನೇ ಸೀಳುತ್ತೆ. ಹಿಡಿದವನ ಕೈ, ಮುಖ ಹೋಗುತ್ತೆ.

ಹಾಗಾಗಿ ಮೊದಲು ಠಾಣೆಗೆ ಹೋಗಿ ವಿಷಯ ತಿಳಿಸಿ. "ತುಂಬಿರಬಹುದು" ಅನ್ನೋದನ್ನ ಬಾಯಿಬಿಟ್ಟು ಹೇಳಿ. ತಿಳಿದವರು ಬಂದು ಇಳಿಸಲಿ. ಬೈಕಿನ ಹಿಂದೆ ಗೋಣಿಚೀಲದಲ್ಲಿ ಸುತ್ತಿಕೊಂಡು ಶಿರಾಳಕೊಪ್ಪಕ್ಕೋ ಶಿಕಾರಿಪುರಕ್ಕೋ ನೀವೇ ಹೊತ್ತುಕೊಂಡು ಹೋಗಬೇಡಿ. ಉಳಿದ ಮದ್ದು, ಕೇಪಿನ ಡಬ್ಬಿ, ತೋಟಾ ಏನೇ ಇದ್ರೂ ಜೊತೆಗೇ ಒಪ್ಪಿಸಿ. ರಸೀದಿ ತಗೊಳ್ಳೋದು ಮರೀಬೇಡಿ, ಮುಂದೆ ಅರ್ಜಿ ಹಾಕೋವಾಗ ಅದೇ ಆಧಾರ.

ಇನ್ನು ಹಂದಿ ವಿಷಯ. ನಮ್ಮ ಊರಿನ ಹೆಸರಲ್ಲೇ ಶಿಕಾರಿ ಇದೆ ಅಂತ ಶಿಕಾರಿಪುರದ ಹುಡುಗರು ಜಂಬ ಕೊಚ್ಚೋದುಂಟು. ಹೈದರ್, ಟಿಪ್ಪು ಕಾಲದ ಬೇಟೆಯಿಂದ ಈ ಹೆಸರು ಬಂತು ಅಂತ ಹಿರಿಯರು ಹೇಳೋ ಕತೆಯೂ ಇದೆ. ಇರಲಿ, ಆ ಕಾಲ ಹೋಯ್ತು. 1972ರ ವನ್ಯಜೀವಿ ಕಾಯ್ದೆಯಲ್ಲಿ ಕಾಡುಹಂದಿಗೂ ರಕ್ಷಣೆ ಇದೆ. ಬೆಳೆ ರಕ್ಷಣೆಗೆ ಅಂತ ಕೋವಿ ಲೈಸೆನ್ಸ್ ಕೊಟ್ಟಿದ್ದಾರೆ ಅಂದ್ರೆ ಹಂದಿ ಹೊಡೆಯೋಕೆ ಪರವಾನಗಿ ಕೊಟ್ಟಿದ್ದಾರೆ ಅಂತ ಅಲ್ಲ. ನಿಮ್ಮದೇ ಹೊಲ ಆದ್ರೂ ಅಧಿಕಾರಿಗಳ ಅನುಮತಿ ಇಲ್ಲದೆ ಹೊಡೆದ್ರೆ ಕೇಸು. ಮಾಂಸ ಪಾಲು ಮಾಡ್ಕೊಂಡ್ರೆ ಪಾಲು ತಗೊಂಡವರ ಮೇಲೂ ಕೇಸು. ಜೀವಕ್ಕೇ ಬಂದಾಗ ಆತ್ಮರಕ್ಷಣೆಗೆ ಹೊಡೆಯೋದು ಬೇರೆ, ಅದನ್ನ ಕಾನೂನು ಒಪ್ಪುತ್ತೆ.

ರೈತರ ಸಿಟ್ಟು ನಂಗೆ ಅರ್ಥ ಆಗುತ್ತೆ. ಒಂದೇ ರಾತ್ರೀಲಿ ಅರ್ಧ ಎಕರೆ ಜೋಳ ಮಲಗಿಸಿರುತ್ತೆ. ಬೆಳೆನಷ್ಟಕ್ಕೆ ಅರಣ್ಯ ಇಲಾಖೆ ಕೊಡೋ ಪರಿಹಾರ ಕೈಗೆ ಬರೋಹೊತ್ತಿಗೆ ಮುಂದಿನ ಬಿತ್ತನೆ ಮುಗಿದಿರುತ್ತೆ. ಇಷ್ಟಿದ್ದೂ ಹೇಳ್ತೀನಿ, ಕತ್ತಲಲ್ಲಿ ಕೋವಿ ಹಿಡಿದು ಕಾಯೋದರಲ್ಲಿ ನನಗಿರೋ ದೊಡ್ಡ ಭಯ ಹಂದಿಯದ್ದೂ ಅಲ್ಲ, ಕೇಸಿನದ್ದೂ ಅಲ್ಲ. ಹಂದಿ ಅಂದ್ಕೊಂಡು ಜೊತೆಗಾರನಿಗೇ ಹೊಡೆದ ಸುದ್ದಿಗಳು ಮಲೆನಾಡಿನಿಂದ ಮತ್ತೆ ಮತ್ತೆ ಬರ್ತಾನೇ ಇವೆ. ಸತ್ತವನು ಬಹಳ ಸಲ ಅಣ್ಣನೋ ಭಾವನೋ ಪಕ್ಕದ ಗದ್ದೆಯವನೋ ಆಗಿರ್ತಾನೆ. ಜೋಳದ ದಂಟು ಅಲ್ಲಾಡಿತು, ಏನೋ ಸದ್ದಾಯ್ತು, ಬೆಳಕು ಹೊಳೀತು, ಹೊಡೆದ. ಮನುಷ್ಯನ ತಲೆಗೆ ಕಟ್ಟಿದ ಟಾರ್ಚೂ ಹೊಳೆಯುತ್ತೆ ಮಾರಾಯ್ರೆ. ದನದ ಕಣ್ಣೂ ಹೊಳೆಯುತ್ತೆ. ಪೂರ್ತಿ ಮೈ ಕಾಣದೆ, ಅದರ ಹಿಂದೆ ಏನಿದೆ ಗೊತ್ತಾಗದೆ ಕುದುರೆ ಮೇಲೆ ಬೆರಳು ಇಡಲೇಬಾರದು. ಸಣ್ಣ ಚರೆಯೇ 200 ಮೀಟರ್‌ವರೆಗೆ ಹೋಗಬಹುದು, ದಪ್ಪ ಚರೆ ಇನ್ನೂ ದೂರ. ಅಷ್ಟರೊಳಗೆ ಇನ್ನೊಬ್ಬರ ಮಾಳ ಇದೆಯಾ, ಅಲ್ಲಿ ಇವತ್ತು ರಾತ್ರಿ ಯಾರು ಮಲಗಿದ್ದಾರೆ, ಇದು ಗೊತ್ತಿರಬೇಕು. ದಣಪೆ ದಾಟುವಾಗ, ಕಾಲುವೆ ಹಾರುವಾಗ ತೋಟಾ ತೆಗೆದು ನಳಿಗೆ ಮಡಚಿಕೊಂಡೇ ದಾಟಬೇಕು. ಕುಡಿದವನ ಕೈಗೆ ಕೋವಿ ಕೊಡಬಾರದು, ಅವನು ಎಷ್ಟೇ ಹಿರಿಯನಾಗಿರಲಿ.

ಈಗ ಪಿಸ್ತೂಲಿಗೆ ಬರೋಣ. ಇತ್ತೀಚೆಗೆ ಇದನ್ನ ಕೇಳೋರು ಜಾಸ್ತಿ. ಅಡಿಕೆ ಕ್ವಿಂಟಲ್‌ಗೆ 50,000 ದಾಟಿದೆ, ಕಳ್ಳರ ಕಾಟ ಇದೆ, ವ್ಯಾಪಾರಿಗಳು ದುಡ್ಡು ಹಿಡಿದು ಓಡಾಡ್ತಾರೆ. ಜೀವಕ್ಕೆ ನಿಜವಾದ ಬೆದರಿಕೆ ಇದ್ದವರು ಅರ್ಜಿ ಹಾಕಲಿ, ಅದನ್ನ ಜಿಲ್ಲಾಧಿಕಾರಿ ತೂಗಿ ನೋಡ್ತಾರೆ. ಆದರೆ ತೋಟದ ಅಡಿಕೆ ಕಾಯೋಕೆ ಪಿಸ್ತೂಲು ಅನ್ನೋದನ್ನ ನಾನು ಒಪ್ಪಲ್ಲ. ಗೊನೆ ಕದ್ದು ಓಡ್ತಿರೋನ ಬೆನ್ನಿಗೆ ಗುಂಡು ಹೊಡೆಯೋ ಹಕ್ಕು ನಿಮಗಿಲ್ಲ. ಭಾರತೀಯ ನ್ಯಾಯ ಸಂಹಿತೆಯಲ್ಲಿ, ಮೊದಲು ಐಪಿಸಿಯಲ್ಲೂ ಹಾಗೇ ಇತ್ತು, ಆಸ್ತಿ ಉಳಿಸಿಕೊಳ್ಳೋಕೆ ಪ್ರಾಣ ತೆಗೆಯೋ ಮಟ್ಟಕ್ಕೆ ಹೋಗಬಹುದಾದ ಸಂದರ್ಭ ಬಹಳ ಕಡಿಮೆ. ದರೋಡೆ, ರಾತ್ರಿ ಮನೆ ಒಡೆದು ನುಗ್ಗೋದು, ಮನೆಗೆ ಬೆಂಕಿ ಇಡೋದು, ಇಂಥವು. ಬರೀ ಕಳ್ಳತನ ಸಾಕಾಗಲ್ಲ, ಪ್ರಾಣಕ್ಕೆ ಅಥವಾ ಭಾರೀ ಗಾಯಕ್ಕೆ ಹೆದರೋ ಕಾರಣ ಇರಬೇಕು. ಎರಡು ಗೊನೆ ಅಡಿಕೆಗೆ ಕೊಲೆ ಕೇಸು ಮೈಮೇಲೆ ಎಳ್ಕೊಳ್ಳೋದು ಬೇಡ.

ಪಿಸ್ತೂಲಿನ ಗುಣವೇ ಬೇರೆ. ಉದ್ದನೆ ಕೋವಿಯ ನಳಿಗೆ ಯಾವ ಕಡೆ ತಿರುಗಿದೆ ಅಂತ ಪಕ್ಕದವನಿಗೆ ಕಾಣುತ್ತೆ, ಎಚ್ಚರಿಸ್ತಾನೆ. ಪಿಸ್ತೂಲು ಮಣಿಕಟ್ಟು ಒಂದು ಸಲ ತಿರುಗಿದ್ರೆ ಎದುರಿನವನ ಎದೆಗೆ ಬಂದಿರುತ್ತೆ. ಮ್ಯಾಗಜೀನ್ ತೆಗೆದ್ರೆ ಖಾಲಿ ಆಯ್ತು ಅಂದ್ಕೊಳ್ತಾರೆ. ಚೇಂಬರ್‌ನಲ್ಲಿ ಒಂದು ಗುಂಡು ಉಳಿದಿರಬಹುದು. ಮ್ಯಾಗಜೀನ್ ತೆಗೆದು, ಸ್ಲೈಡ್ ಎಳೆದು, ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ ಆಮೇಲೆ ಖಾಲಿ ಅನ್ನಬೇಕು. ಹಾಗೆ ಅಂದಮೇಲೂ ಯಾರ ಕಡೆಗೂ ತೋರಿಸಬಾರದು.

ಲೈಸೆನ್ಸ್ ಇದ್ದು ಒಯ್ಯೋದಾದರೂ ನಿಯಮ ಇದೆ. ಪಿಸ್ತೂಲು ಹೋಲ್‌ಸ್ಟರ್‌ನಲ್ಲೋ ಬೆನ್ನುಚೀಲದಂಥದ್ದರಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹತೋಟಿಯಲ್ಲೇ ಇರಬೇಕು. ಅಂಗಿ ಎತ್ತಿ ಸೊಂಟ ತೋರಿಸೋದು, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಬೇಕರಿಗೆ ಹೋಗೋದು, ಎರಡೂ ನಿಯಮಕ್ಕೆ ವಿರುದ್ಧ. ಚಂದ್ರಗುತ್ತಿ ಜಾತ್ರೆಗೆ, ಹೋರಿ ಹಬ್ಬಕ್ಕೆ ಹೋಗೋವಾಗ ಮನೇಲೇ ಬೀಗ ಹಾಕಿ ಇಟ್ಟು ಹೋಗಿ, ಆ ನೂಕುನುಗ್ಗಲಲ್ಲಿ ನಿಮ್ಮ ಮೊಬೈಲೇ ಉಳಿಯಲ್ಲ. ಗೆದ್ದ ಖುಷಿಗೆ, ಮದುವೆ ದಿಬ್ಬಣಕ್ಕೆ ಗಾಳಿಗೆ ಗುಂಡು ಹಾರಿಸೋದಕ್ಕೆ 2019ರಿಂದ ಪ್ರತ್ಯೇಕ ಶಿಕ್ಷೆ ಬಂದಿದೆ. 2 ವರ್ಷದವರೆಗೆ ಜೈಲು, ಇಲ್ಲಾ 1 ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಮಾವನ ಕೋವಿ ಹಿಡಿದು ರೀಲ್ಸ್ ಮಾಡೋ ತಮ್ಮಂದಿರಿಗೆ ಬೇರೆ ಹೇಳಬೇಕಾ? ಕೋವಿ ಮಾವನದ್ದು, ಲೈಸೆನ್ಸ್ ಮಾವನದ್ದು, ವಿಡಿಯೋದಲ್ಲಿ ಮುಖ ನಿಮ್ಮದು.

ಕೊಡಗಿನವರ ಉದಾಹರಣೆ ಕೊಟ್ಟು ವಾದ ಮಾಡೋರು ಇರ್ತಾರೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸಿದೆ. ಅಲ್ಲಿ ಕೈಲ್‌ಪೋದ್‌ನಲ್ಲಿ ಕೋವಿಗೆ ಪೂಜೆ ಮಾಡ್ತಾರೆ. ಆ ವಿನಾಯಿತಿ ನಮಗಿಲ್ಲ.

ಇನ್ನೊಂದು ಮಾತು, ಇದನ್ನ ಸ್ವಲ್ಪ ನಿಧಾನವಾಗಿ ಕೇಳಿ. ಬಂದೂಕು ಇರೋ ಮನೇಲಿ ಬೀಗದ ಕೈ ಎಲ್ಲಿದೆ ಅನ್ನೋದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಬಂದೂಕು ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ, ಕೀ ಲೈಸೆನ್ಸ್‌ದಾರನ ಹತ್ರ. ದೇವರ ಗೂಡಲ್ಲಿ ಇಟ್ಟ ಕೀ ಮಕ್ಕಳಿಗೆ ಮೊದಲು ಗೊತ್ತಾಗಿರುತ್ತೆ. ಮಕ್ಕಳಷ್ಟೇ ಅಲ್ಲ. ಬೆಳೆ ಹೋಗಿ, ಸಾಲ ಏರಿ, ಮನೇಲಿ ಯಾರೋ ಒಬ್ಬರು ಮಾತು ಕಡಿಮೆ ಮಾಡಿದ್ದಾರೆ, ಊಟ ಬಿಟ್ಟಿದ್ದಾರೆ ಅಂದ್ರೆ ಆವತ್ತೇ ಬಂದೂಕು ಮನೆಯಿಂದ ಹೊರಗೆ ಹೋಗಬೇಕು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸ್ತೀವಲ್ಲ, ಹಾಗೇ ಕೆಲವು ತಿಂಗಳು ಅಂಗಡಿಯಲ್ಲೋ ಠಾಣೆಯಲ್ಲೋ ಠೇವಣಿ ಇಡಬಹುದು. ಮನಸ್ಸಿಗೆ ಬಂದ ಆ ಕೆಟ್ಟ ಗಳಿಗೆ ಎಷ್ಟೋ ಸಲ ದಾಟಿ ಹೋಗುತ್ತೆ. ಕೈಗೆ ಬಂದೂಕು ಸಿಕ್ಕರೆ ದಾಟೋಕೆ ಅದು ಬಿಡಲ್ಲ. ಲೈಸೆನ್ಸ್ ಅಪ್ಪನದ್ದಾದರೆ ಈ ಮಾತನ್ನ ಅಪ್ಪನಿಗೆ ಮಗನೋ ಮಗಳೋ ಹೇಳಬೇಕಾಗುತ್ತೆ, ನೀವು ಕೇಳ್ತಿರೋರು ಆ ವಯಸ್ಸಿನವರೇ. ಮಾತಾಡೋಕೆ ಯಾರಾದ್ರೂ ಬೇಕು ಅಂದ್ರೆ ಟೆಲಿ ಮಾನಸ್ ಸಹಾಯವಾಣಿ 14416. ಉಚಿತ, ಕನ್ನಡದಲ್ಲೂ ಮಾತಾಡ್ತಾರೆ.

ಕೊನೇದಾಗಿ ಏರ್‌ಗನ್ ಬಗ್ಗೆ ಬಂದ ಪ್ರಶ್ನೆಗಳು. ಪಾಯಿಂಟ್ 177 ಬೋರಿನ, ಕಡಿಮೆ ಶಕ್ತಿಯ ಏರ್‌ಗನ್‌ಗೆ ಲೈಸೆನ್ಸ್ ಬೇಡ, ನಿಜ. 20 ಜೂಲ್ ದಾಟಿದ್ರೆ ಬೇಕು, ತಗೊಳ್ಳೋ ಮೊದಲು ಬಿಲ್ಲಿನ ಮೇಲೆ ಅದನ್ನ ಬರೆಸಿಕೊಳ್ಳಿ. ಲೈಸೆನ್ಸ್ ಬೇಡ ಅಂದಮಾತ್ರಕ್ಕೆ ಗುಡವಿ ಕೆರೆ ಕಡೆ ಹೋಗಿ ಹಕ್ಕಿ ಹೊಡೀಬಹುದು ಅಂತಲ್ಲ. ಅದು ಪಕ್ಷಿಧಾಮ. ನಿಮ್ಮ ಮನೆ ಹಿಂದಿನ ಕೆರೆಯ ಕೊಕ್ಕರೆಗೂ ಅದೇ ವನ್ಯಜೀವಿ ಕಾಯ್ದೆ ಅನ್ವಯಿಸುತ್ತೆ. ಡಬ್ಬಿ ಇಟ್ಟು ಗುರಿ ಕಲಿಯೋದಾದ್ರೆ ಹಿಂದೆ ಮಣ್ಣಿನ ದಿಬ್ಬ ಇರೋ ಕಡೆ ಇಡಿ. ಗೋಡೆಗೆ, ಕಲ್ಲಿಗೆ ಹೊಡೆದ ಪೆಲ್ಲೆಟ್ ವಾಪಸ್ ಕಣ್ಣಿಗೆ ಸಿಡಿಯುತ್ತೆ.

ವಾಯ್ಸ್ ನೋಟ್ ಕಳಿಸಿದ ತಮ್ಮಾ, ಠಾಣೆಗೆ ಒಬ್ಬನೇ ಹೋಗೋಕೆ ಮುಜುಗರ ಆದ್ರೆ ಊರಿನ ಹಿರಿಯರೊಬ್ಬರನ್ನ ಜೊತೆಗೆ ಕರ್ಕೊಂಡು ಹೋಗು. ರಸೀದಿ ಸಿಕ್ಕಮೇಲೆ ನಮಗೊಂದು ಮೆಸೇಜ್ ಹಾಕು.